ಅಜ್ಜನ ಜೈಲುವಾಸಕ್ಕೆ ಪಿಂಚಣಿ ಕೇಳಬೇಕಾ, ಬಿಡಬೇಕಾ? ಅನುಭವ ಇದ್ದವರು ಹೇಳಿ

ಸಿದ್ದಾಪುರದ ಮೊಮ್ಮಗ: ನಮ್ಮಜ್ಜ 1932ರ ಕರನಿರಾಕರಣೆಯಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನಾಲ್ಕು ತಿಂಗಳು ಇದ್ದವರು. ಪಿಂಚಣಿ ಕೇಳಲೇ ಇಲ್ಲ. ಈಗ ಹಳೇ ಟ್ರಂಕಿನಲ್ಲಿ ಬಿಡುಗಡೆ ಚೀಟಿ ಸಿಕ್ಕಿದೆ. ಮದುವೆಯಾಗದ ಅತ್ತೆಗೆ 81 ವರ್ಷ, ಅವಳ ಹೆಸರಲ್ಲಿ ಅರ್ಜಿ ಹಾಕೋಣ ಅಂತ ನಾನು. ಅಪ್ಪನ ಮರ್ಯಾದೆ ತೆಗೀಬೇಡ ಅಂತ ಚಿಕ್ಕಪ್ಪ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಶಿಕಾರಿಪುರದವನು: ನಮ್ಮದು ಈಸೂರಿನ ಕಡೆ, 1942ರಲ್ಲಿ ತಾನು ಸ್ವತಂತ್ರ ಅಂತ ಸಾರಿಕೊಂಡ ಊರು. 1943ರ ಮಾರ್ಚ್‌ನಲ್ಲಿ ಐವರನ್ನು ಬೆಂಗಳೂರು ಜೈಲಿನಲ್ಲಿ ಗಲ್ಲಿಗೇರಿಸಿದರಲ್ಲ, ಆ ಗಲಾಟೆಯಲ್ಲಿ ನಮ್ಮಜ್ಜ ಕಾಡು ಸೇರಿದ್ದ. 1972ರಲ್ಲಿ ಫಾರಂ ತಂದುಕೊಟ್ಟರೆ, "ನೇಣಿಗೆ ಹೋದವರು ಯಾವ ಅರ್ಜಿ ಹಾಕಿದ್ರು?" ಅಂತ ಹರಿದು ಒಲೆಗೆ ಹಾಕಿದ. ಆಮೇಲೆ ಅವನ ಕಣ್ಣಿನ ಆಪರೇಷನ್ನಿಗೆ ಅಪ್ಪ ಒಂದೂವರೆ ಎಕರೆ ಮಾರಿದ್ದು ಬೇರೆ ಮಾತು. ನನಗೇನೂ ಬೇಜಾರಿಲ್ಲ. ಕೇಳಬೇಡಿ.

ಕೊಪ್ಪಳದ ಮಗಳು: ಬೇಜಾರಿಲ್ಲ ಅನ್ನೋರು ಎಕರೆ ಲೆಕ್ಕ ಯಾಕ ಹೇಳ್ತೀರಿ? ನಮ್ಮಪ್ಪ ನಿಜಾಮನ ವಿರುದ್ಧ ಹೋರಾಡಿದವರ ಮುಂಡರಗಿ ಶಿಬಿರದಾಗ ಇದ್ದಾಂವ, ನಿಜಾಮನ ಪರ ಪಡೆ ರಜಾಕಾರರ ಕಾಲಕ್ಕ. ನಾವು ಕೇಳಿದ್ವಿ. ಬೆಂಗಳೂರಿಗೆ ಹನ್ನೊಂದು ಸಲ ರಾತ್ರಿ ಬಸ್ಸು. ಉರ್ದು ಕಾಗದ ಓದಿಸಿ ಬರೆಸಲಿಕ್ಕೆ ಪುಟಕ್ಕ 150, ಒಟ್ಟು ಒಂಬತ್ತು ಪುಟ. ಅಫಿಡವಿಟ್ ಮೂರು ಸಲ, ಯಾಕಂದ್ರ ಒಂದು ಕಾಗದದಾಗ ಬಸಪ್ಪ, ಇನ್ನೊಂದರಾಗ ಬಸವಣ್ಣೆಪ್ಪ. ಜೊತೆಗಿದ್ದವರ ಪ್ರಮಾಣಪತ್ರ ತಾ ಅಂದ್ರು. ಒಬ್ರು ತೀರಿಹೋಗಿದ್ರು. ಇನ್ನೊಬ್ರು ಕೈ ನಡುಗಿಸ್ಕೊಂತ ಸಹಿ ಹಾಕಿದ್ರು, ಹಳೇ ಸಹಿಗೆ ಹೊಂದೂದಿಲ್ಲ ಅಂತ ವಾಪಸ್ ಕಳಿಸಿದ್ರು. ತೊಂಬತ್ತು ದಾಟಿದ ಕೈ ನಡುಗದs ಇರ್ತದೇನು? ಅಪ್ಪ ಹೋದ ಹದಿನಾಲ್ಕನೇ ದಿನಕ್ಕ ಆರ್ಡರ್ ಬಂತು. ಅವ್ವ ಆ ಲಕೋಟೆ ಇನ್ನೂ ಒಡೆದಿಲ್ಲ, ಕಚೇರಿಯಿಂದ ತಂದ ಜೆರಾಕ್ಸ್ ಮೇಲೇ ಕೆಲಸ ನಡಸೀವಿ.

ಮೈಸೂರಿನವನು: ನಮ್ಮ ತಾತ, ಮಹಾರಾಜರಿಂದ ಜವಾಬ್ದಾರಿ ಸರ್ಕಾರ, ಅಂದರೆ ಜನ ಆರಿಸಿದ ಸರ್ಕಾರ ಕೇಳಿದ ಮೈಸೂರು ಚಲೋ ಚಳವಳಿಯಲ್ಲಿ ನಲವತ್ತು ದಿನ ಒಳಗಿದ್ದರು. ಕಚೇರಿಯಲ್ಲಿ ತಾರೀಖು ನೋಡಿ ನಕ್ಕರು. 1947ರ ಸೆಪ್ಟೆಂಬರ್, ಸ್ವಾತಂತ್ರ್ಯ ಬಂದ ಮೇಲೆ ಯಾವ ಹೋರಾಟ ಅಂತ. ಇಡೀ ದಿನ ರಜೆ ಹಾಕಿ ಹೋಗಿದ್ದೆ, ನಾಲ್ಕು ನಿಮಿಷದಲ್ಲಿ ಹೊರಗಿದ್ದೆ.

ಶಿಕಾರಿಪುರದವನು: ನಲವತ್ತು ದಿನಕ್ಕೂ ಪಿಂಚಣಿ ಬೇಕಿತ್ತಾ?

ಮೈಸೂರಿನವನು: ನಮ್ಮೂರ ರಾಮಸ್ವಾಮಿ ವೃತ್ತಕ್ಕೆ ಆ ಹೆಸರು ಯಾಕೆ ಬಂತು ಅಂತ ತಿಳ್ಕೊಂಡು ಬನ್ನಿ ಸ್ವಾಮಿ. ಓದೋ ಹುಡುಗ, ಅದೇ ಚಳವಳಿಯಲ್ಲಿ ಗುಂಡೇಟಿಗೆ ಹೋದ. ಆಗಸ್ಟ್ 15 ಮಹಾರಾಜರ ಸೀಮೆಗೆ ಜವಾಬ್ದಾರಿ ಸರ್ಕಾರ ತಂದಿರಲಿಲ್ಲ.

ಕೊಪ್ಪಳದ ಮಗಳು: ನಿಜಾಮನ ಕೈಯಾಗಿದ್ದ ನಮ್ಮ ಸೀಮಿಗಂತೂ ಸ್ವಾತಂತ್ರ್ಯ ಬಂದದ್ದs 1948ರ ಸೆಪ್ಟೆಂಬರ್ 17ಕ್ಕ. ನೀವು ಜವಾಬ್ದಾರಿ ಸರ್ಕಾರ ಕೇಳೋ ಹೊತ್ತಿಗೆ ನಮ್ಮ ಮಂದಿ ಮನಿ ಬಿಟ್ಟು ಗಡಿ ದಾಟಿದ್ರು.

ನಿವೃತ್ತ ಗುಮಾಸ್ತ: ಭಾವನೆ ಬದಿಗಿಡಿ. 1972ರ ಕೇಂದ್ರದ ಯೋಜನೆಯಲ್ಲಿ ತಿಂಗಳಿಗೆ 200 ರೂಪಾಯಿ, ಅದೂ ವರ್ಷದ ಆದಾಯ 5,000 ಮೀರದವರಿಗೆ. ಆ ಮಿತಿ ಹೋದದ್ದು 1980ರಲ್ಲಿ. ಜೈಲುವಾಸ ಕನಿಷ್ಠ ಆರು ತಿಂಗಳು. ಹೆಂಗಸರಿಗೆ, ಪರಿಶಿಷ್ಟರಿಗೆ ಮೂರು. ಕೇಳಿದವರ ಅಜ್ಜನದು ನಾಲ್ಕೇ ತಿಂಗಳು. ಹೊಂದುವುದಿಲ್ಲ. ಮೂವತ್ತೊಂದು ವರ್ಷ ಇಂಥ ಫೈಲು ನೋಡಿದ್ದೇನೆ. ಕಾಗದ ಸರಿಯಿದ್ದರೆ ಯಾರೂ ತಡೆಯುವುದಿಲ್ಲ.

ಕೊಪ್ಪಳದ ಮಗಳು: ಓಹೋ, ನಮ್ಮಪ್ಪನ ಅರ್ಜಿ ಮ್ಯಾಲೆ ಚಾ ಕಪ್ಪಿನ ಉಂಗುರ ಇತ್ತು. ನಿಮ್ಮಂಥವರದs ಇರಬೇಕು.

ನಿವೃತ್ತ ಗುಮಾಸ್ತ: ನಾನು ಚಹಾ ಕುಡಿಯುವುದಿಲ್ಲ.

ಶಿರಸಿ ಕಡೆಯವರು: ಪಿಂಚಣಿ ಸುಡಲಿ. 1932ರಲ್ಲಿ ತೀರುವೆ (ಭೂಕಂದಾಯ) ಕಟ್ಟದ್ದಕ್ಕೆ ನಮ್ಮ ತೋಟ, ಎಮ್ಮೆ, ಕಡೆಗೆ ಬಾಗಿಲ ಚಿಲಕವನ್ನೂ ಜಪ್ತಿ ಮಾಡಿದರು. ಅದಕ್ಕಿಂತ ಉರಿದದ್ದು ಆ ಜಪ್ತಿ ಮಾಲನ್ನು ಹರಾಜಿನಲ್ಲಿ ಹಿಡಿದು ಕೊಂಡವರನ್ನು ನೋಡಿ. ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತದ್ದು ಅಂಥವರನ್ನು ನಾಚಿಸುವುದಕ್ಕೇ. ಅವರ ಮೊಮ್ಮಕ್ಕಳು ಈಗ ಆಗಸ್ಟ್ 15ಕ್ಕೆ ಭಾಷಣ ಮಾಡ್ತಾರೆ.

ಹೊಳೆಯಾಚೆ ಮನೆ: ನಮ್ಮಜ್ಜನೂ ಹರಾಜಿನಲ್ಲಿ ಹಿಡಿದವನೇ. ಪರವೂರಿನವರ ಪಾಲಾಗದಿರಲಿ, ಜೈಲಿಂದ ಬಂದ ಮೇಲೆ ಕೊಡೋಣ ಅಂತ ಹಿಡಿದದ್ದು.

ಶಿರಸಿ ಕಡೆಯವರು: ಕೊಟ್ಟನಾ?

ಹೊಳೆಯಾಚೆ ಮನೆ: ಎಮ್ಮೆ ಕೊಟ್ಟ.

ಶಿರಸಿ ಕಡೆಯವರು: ಅದೂ ಬತ್ತಿದ ಮೇಲಿರಬೇಕು.

ಸಿದ್ದಾಪುರದ ಮೊಮ್ಮಗ: ಪಿಂಚಣಿ ವಿಷಯ ಅತ್ತೆಗೆ ಹೇಳ್ತೇನೆ. ಹೊಳೆಯಾಚೆಯವರೇ, ನಿಮ್ಮದು ಯಾವ ಊರು? ಜಪ್ತಿಗೆ ಹೋದ ನಮ್ಮ ತಾಮ್ರದ ಹಂಡೆಯ ಕಂಠದಲ್ಲಿ ಎರಡು ಅಕ್ಷರ ಕೊರೆದಿತ್ತು ಅಂತ ಅತ್ತೆ ಈಗಲೂ ಹೇಳ್ತಾಳೆ.

ಹೊಳೆಯಾಚೆ ಮನೆ: ನಮ್ಮ ಬಚ್ಚಲ ಹಂಡೆಯಲ್ಲೂ ಏನೋ ಕೊರೆದ ಹಾಗಿದೆ, ಮಸಿ ಕಟ್ಟಿ ಓದಲಿಕ್ಕಾಗುವುದಿಲ್ಲ. ನಾಳೆ ಹುಣಸೆಹಣ್ಣು ಹಾಕಿ ತಿಕ್ಕಿ ನೋಡ್ತೇನೆ.