ಓದುವಾಗ ನಮ್ಮ ಯೋಚನೆಯನ್ನೇ ಗಮನಿಸುತ್ತಾ ಕೂತರೆ ಓದು ಕೆಡುವುದಿಲ್ಲವೇ?

ಪ್ರಶ್ನೆ

ನಾವು ಹೇಗೆ ಯೋಚಿಸುತ್ತಿದ್ದೇವೆ ಅನ್ನುವುದರ ಮೇಲೆ ಒಂದು ಕಣ್ಣಿಟ್ಟರೆ ಕಲಿಕೆ ಸುಧಾರಿಸುತ್ತದೆ ಅಂತ ಓದಿದೆ. ಇದಕ್ಕೆ ಮೆಟಾಕಾಗ್ನಿಷನ್ ಅನ್ನುತ್ತಾರಂತೆ. ಆದರೆ ವಿಜ್ಞಾನದ ಪಾಠ ಓದುವಾಗಲೋ ಲೆಕ್ಕ ಮಾಡುವಾಗಲೋ "ಅರ್ಥ ಆಗ್ತಿದೆಯಾ, ಆಗ್ತಿದೆಯಾ" ಅಂತ ನೋಡುತ್ತಾ ಕೂತರೆ ಅರ್ಧ ಗಮನ ಅಲ್ಲೇ ಹೋಗುತ್ತದೆ, ಅಲ್ವಾ? ನಿಜವಾಗಿ ಇದನ್ನು ರೂಢಿ ಮಾಡಿಕೊಂಡವರು ಯಾವಾಗ, ಹೇಗೆ ಮಾಡುತ್ತೀರಿ?

ಉತ್ತರ 1

ನಿಮ್ಮ ಅನುಮಾನ ಸರಿ, ಪ್ರತಿ ಸಾಲಿಗೂ ನಿಂತು ನೋಡುವ ಅಗತ್ಯ ಇಲ್ಲ. ಒಂದು ಭಾಗ ಪೂರ್ತಿ ಓದಿ, ಪುಸ್ತಕ ಮುಚ್ಚಿ, ಬೇರೆ ಏನಾದರೂ ಕೆಲಸ ನೋಡಿ, ಆಮೇಲೆ ನೆನಪಿನಿಂದ ಬರೆಯಿರಿ. ಓದಿದ ತಕ್ಷಣ ಕೇಳಿಕೊಂಡರೆ ಮನಸ್ಸು "ಗೊತ್ತಾಯ್ತು" ಅಂತಲೇ ಹೇಳುತ್ತದೆ, ಯಾಕೆಂದರೆ ಓದಿದ್ದು ಇನ್ನೂ ಹಸಿಯಾಗಿದೆ. ನೆಲ್ಸನ್ ಮತ್ತು ಡನ್ಲಾಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು 1991ರಲ್ಲಿ ಪದಗಳ ಜೋಡಿ ಕಲಿಸಿ ಇದನ್ನು ನೋಡಿದರು. ಯಾವುದು ನೆನಪಿರುತ್ತದೆ ಅಂತ ಕಲಿತ ಕೂಡಲೇ ಹೇಳಿದ ಅಂದಾಜಿಗಿಂತ, ಸ್ವಲ್ಪ ಹೊತ್ತು ಬಿಟ್ಟು ಹೇಳಿದ ಅಂದಾಜು ಎಷ್ಟೋ ಸರಿಯಾಗಿತ್ತು.

ಸುಮ್ನೆ ಮತ್ತೆ ಮತ್ತೆ ಓದುವುದು ಇನ್ನೂ ಮೋಸ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ ಕೆಲವರು ಒಂದೇ ಪಾಠವನ್ನು ಹಲವು ಸಲ ಓದಿದರು, ಕೆಲವರು ಓದಿ ಆಮೇಲೆ ನೆನಪಿನಿಂದ ಬರೆದರು. 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಬರೀ ಓದಿದವರೇ ಮುಂದೆ, ವಾರ ಕಳೆದ ಮೇಲೆ ಬರೆದವರು ಮುಂದೆ. ಆದರೆ "ನನಗೆ ಚೆನ್ನಾಗಿ ನೆನಪಿರುತ್ತದೆ" ಅಂತ ಜಾಸ್ತಿ ನಂಬಿದ್ದವರು ಹಲವು ಸಲ ಓದಿದವರು! ನಮ್ಮ ಅನಿಸಿಕೆಯನ್ನು ಪರೀಕ್ಷೆ ಮಾಡದೆ ನಂಬಬಾರದು ಅನ್ನುವುದು ಇದಕ್ಕೇ.

ಉತ್ತರ 2

ಮೇಲಿನವರು ಹೇಳಿದ್ದು ಪಾಠಕ್ಕೆ ಸರಿ, ಲೆಕ್ಕಕ್ಕೆ ಸಾಲದು. ಲೆಕ್ಕದಲ್ಲಿ ನಡುವೆಯೇ ನಿಲ್ಲಬೇಕು. ಗಣಿತ ಕಲಿಕೆಯ ಸಂಶೋಧಕ ಅಲನ್ ಶೋನ್‌ಫೆಲ್ಡ್ ವಿದ್ಯಾರ್ಥಿಗಳು ಲೆಕ್ಕ ಬಿಡಿಸುವುದನ್ನು ವಿಡಿಯೋ ಮಾಡಿ ನೋಡಿದಾಗ, ತುಂಬಾ ಜನ ಪ್ರಶ್ನೆ ಓದಿದ ಕೂಡಲೇ ಒಂದು ದಾರಿ ಹಿಡಿದು, ಅದು ಎಲ್ಲಿಗೂ ಹೋಗದಿದ್ದರೂ ಸಮಯ ಮುಗಿಯುವ ತನಕ ಅದರಲ್ಲೇ ಇದ್ದರು. ಪಳಗಿದ ಗಣಿತಜ್ಞರಿಗೂ ತಪ್ಪು ದಾರಿ ಹೊಳೆಯುತ್ತಿತ್ತು, ಆದರೆ ಅವರು ಬೇಗ ಬಿಟ್ಟು ಬರುತ್ತಿದ್ದರು. ಶೋನ್‌ಫೆಲ್ಡ್ ತರಗತಿಯಲ್ಲಿ ಓಡಾಡುತ್ತಾ ಕೇಳುತ್ತಿದ್ದ ಪ್ರಶ್ನೆಗಳು ಇವೇ: ಈಗ ಏನು ಮಾಡ್ತಿದ್ದೀಯ? ಯಾಕೆ? ಇದರಿಂದ ಏನು ಸಹಾಯ? ಉತ್ತರ ಬರದಿದ್ದರೆ ಅಲ್ಲೇ ಪೆನ್ನು ಇಡಿ. ಗಮನ ಒಡೆಯುವ ಭಯ ಬೇಡ, ಸಿಕ್ಕಿಕೊಂಡಾಗ ಕೇಳಿಕೊಂಡರೆ ಸಾಕು.

ಉತ್ತರ 3

ಇನ್ನೊಂದು. ಉತ್ತರ ನೋಡುವ ಮೊದಲು ಪಕ್ಕದಲ್ಲಿ ಗುರುತು ಹಾಕಿ: ಖಂಡಿತ, ಅನುಮಾನ, ಬರೀ ಊಹೆ. "ಖಂಡಿತ" ಅಂತ ಹಾಕಿಯೂ ತಪ್ಪಾದದ್ದು ನಿಜವಾದ ಚಿನ್ನ, ಮೊದಲು ಅದನ್ನು ನೋಡಿ. ಅಷ್ಟು ನಂಬಿದ್ದ ತಪ್ಪು ಸರಿ ಉತ್ತರ ಕಂಡ ಮೇಲೆ ಬೇಗ ತಿದ್ದಿಹೋಗುತ್ತದೆ ಅಂತ ಸಂಶೋಧಕರಾದ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ 2001ರಲ್ಲೇ ತೋರಿಸಿದ್ದಾರೆ. ಊಹೆ ಮಾಡಿ ಸರಿಯಾದದ್ದನ್ನೂ ಬಿಡಬೇಡಿ, ಅಂಕ ಬಂದರೂ ಅದು ನಿಮಗೆ ಗೊತ್ತಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಉತ್ತರ 1 ಬರೆದವರಿಗೆ: ಎಷ್ಟು ಹೊತ್ತು ಬಿಡಬೇಕು?

ಉತ್ತರ 1

ಕಟ್ಟುನಿಟ್ಟಿನ ಲೆಕ್ಕ ಇಲ್ಲ. ಓದಿದ ಸಾಲುಗಳು ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲಬೇಕು, ಅಷ್ಟೇ. ರಾತ್ರಿ ಓದಿದ್ದನ್ನು ಬೆಳಿಗ್ಗೆ ಪುಸ್ತಕ ತೆಗೆಯುವ ಮೊದಲು ಬರೆದು ನೋಡಿ, ಎಲ್ಲಿ ತಡವರಿಸಿದಿರೋ ಅಲ್ಲಿಂದ ಆ ದಿನದ ಓದು ಶುರು ಮಾಡಿ.