150 ಲೀಟರ್ ಸಬ್‌ವೂಫರ್ ಬಾಕ್ಸ್ ನಡುಗ್ತಿದೆ: ಬ್ರೇಸ್ ಹಾಕೋದಾ, ಡ್ಯಾಂಪಿಂಗ್ ಶೀಟ್ ಸಾಕಾ?

ಬಾಸ್_ಬಸವನಗುಡಿ:
15 ಇಂಚಿನ ಡ್ರೈವರ್ (ಸ್ಪೀಕರ್), ಪೋರ್ಟ್ (ಗಾಳಿ ಆಡೋ ಕೊಳವೆ) ಇರೋ ಬಾಕ್ಸ್, ಪೋರ್ಟ್ ಮಿಡಿಯೋ ಸ್ವರ ಅಂದರೆ ಟ್ಯೂನಿಂಗ್ 24 ಹರ್ಟ್ಸ್. ಒಳಅಳತೆ ಎತ್ತರ 75, ಅಗಲ 45, ಆಳ 45 ಸೆಂ.ಮೀ. ಸುತ್ತಲೂ 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಒಳಗೆ ಒಂದೂ ಬ್ರೇಸ್ (ಹಲಗೆ ಬಿಗಿ ಮಾಡೋ ಆಸರೆ ಮರ) ಇಲ್ಲ. ಎಲ್ಲ ಕಡೆ ಅಂಟು ಹಾಕಿ ಮುಚ್ಚಿಯಾಗಿದೆ, ಕೈ ಹಾಕೋಕೆ ಡ್ರೈವರಿನ 35 ಸೆಂ.ಮೀ. ತೂತು ಮಾತ್ರ. ವಾಲ್ಯೂಮ್ ಏರಿಸಿದರೆ ಪಕ್ಕದ ಹಲಗೆ ಕೈಗೆ ಜುಮ್ಮೆನ್ನುತ್ತೆ, ಬಾಸ್ ಹಿಂದೆಯೇ ‘ಬೊಂಯ್’ ಅಂತ ಎಳೆದುಕೊಂಡು ಬರುತ್ತೆ. ಜೆ.ಸಿ. ರಸ್ತೆಯಲ್ಲಿ ಸಿಗೋ ಕಾರಿನ ಡ್ಯಾಂಪಿಂಗ್ ಶೀಟ್ (ನಡುಕ ಹೀರೋ ಅಂಟುಹಾಳೆ) ಒಳಗೆಲ್ಲ ಅಂಟಿಸಿದರೆ ಸಾಕಾ? ಮನೆ ಎರಡನೇ ಮಹಡಿ, ಕೆಳಗಿನವರಿಗೂ ನಡುಕ ಹೋಗ್ತಿದೆ.

ಉಳಿ_ಸುತ್ತಿಗೆ:
ಸರ್, ಮೊದಲು ಬ್ರೇಸ್, ಶೀಟ್ ಆಮೇಲೆ.

ನಿಮ್ಮ ಪಕ್ಕದ ಹಲಗೆ 75×45. ಎಂಡಿಎಫ್‌ನ ಬಿಗುವು 3.5 ಗಿಗಾಪಾಸ್ಕಲ್ ಎಂದು ಹಿಡಿದು, ಅಂಚುಗಳು ಸಡಿಲ ಅಂತಲೇ ಲೆಕ್ಕ ಹಾಕಿದರೆ ಹಲಗೆಯ ಸ್ವಂತ ಕಂಪನ ಸುಮಾರು 125 ಹರ್ಟ್ಸ್. ಅಂಟು ಬಿಗಿಯಾಗಿದ್ದರೆ ಅದಕ್ಕಿಂತ ಮೇಲಿರುತ್ತೆ. ಕ್ರಾಸ್‌ಓವರ್ (ಮೇಲಿನ ಸ್ವರಗಳನ್ನು ಸಬ್‌ಗೆ ಬಿಡದ ಫಿಲ್ಟರ್) 80ಕ್ಕೇ ಇಟ್ಟಿದ್ದರೂ 40 ಹರ್ಟ್ಸ್ ಸ್ವರಕ್ಕೆ ಡ್ರೈವರೇ ಹುಟ್ಟಿಸೋ ಹಾರ್ಮೋನಿಕ್‌ಗಳು (ಅದರ ಮೂರು, ನಾಲ್ಕು ಪಟ್ಟಿನ ಸ್ವರಗಳು) 120, 160ರಲ್ಲಿ ಬಂದು ಹಲಗೆಯನ್ನು ತಟ್ಟುತ್ತವೆ. ಆ ‘ಬೊಂಯ್’ ಬಹುತೇಕ ಅದೇ.

ಎಲ್ಲರೂ ತಪ್ಪೋದು ಬ್ರೇಸಿನ ದಿಕ್ಕಿನಲ್ಲಿ. ಕಪಾಟಿನ ತಟ್ಟೆ ಥರ ನಡುವೆ ಅಡ್ಡ ಕೂರಿಸಿದರೆ 75 ಸೆಂ.ಮೀ. ಎರಡು ಪಾಲಾಗುತ್ತೆ, ಕಂಪನ 220ರ ಹತ್ತಿರ ಹೋಗುತ್ತೆ. ಅದೇ ಹಲಗೆಯನ್ನು ಉದ್ದಕ್ಕೆ ನಿಲ್ಲಿಸಿ 45ನ್ನು ಸೀಳಿದರೆ 400 ಹರ್ಟ್ಸ್. ಗಿಡ್ಡ ಅಳತೆಯನ್ನು ಒಡೆದಾಗಲೇ ಹೆಚ್ಚು ಲಾಭ.

ನಿಮ್ಮ ತೂತಿನಲ್ಲಿ ಪೂರ್ತಿ ಕಿಟಕಿ ಬ್ರೇಸ್ (ನಡುವೆ ತೂತಿರೋ ಇಡೀ ಚೌಕಟ್ಟು) ಹೋಗಲ್ಲ. 18 ಎಂಎಂ ಪ್ಲೈವುಡ್‌ನಲ್ಲಿ 7.5 ಸೆಂ.ಮೀ. ಅಗಲ, 70 ಉದ್ದದ ಮೂರು ಪಟ್ಟಿ ಕತ್ತರಿಸಿ, ಓರೆಯಾಗಿ ಒಳಗೆ ಬಿಡಿ. ಎರಡು ಪಕ್ಕಕ್ಕೆ, ಒಂದು ಹಿಂದಿನ ಹಲಗೆಗೆ, ಮೂರೂ 18 ಎಂಎಂ ಅಂಚು ಹಲಗೆಗೆ ಅಂಟುವಂತೆ ನೆಟ್ಟಗೆ ನಿಲ್ಲಬೇಕು. ಚಪ್ಪಟೆ ಮಲಗಿಸಿದರೆ ಹೆಚ್ಚು ಉಪಯೋಗವಿಲ್ಲ. ಸರಿಯಾಗಿ ನಡುವೆ ಬೇಡ, 2 ಸೆಂ.ಮೀ. ಆಚೀಚೆ ಇರಲಿ, ಎರಡು ಪಾಲೂ ಒಂದೇ ಸ್ವರಕ್ಕೆ ಮಿಡಿಯಬಾರದು. ಒಳಗೆ ಕ್ಲ್ಯಾಂಪ್ ಹಾಕೋದು ಕಷ್ಟ, ಅದಕ್ಕೆ ಹೊರಗಿನಿಂದ 3 ಎಂಎಂ ತೂತು ಕೊರೆದು 40 ಎಂಎಂ ಸ್ಕ್ರೂ, ಪ್ರತಿ 12 ಸೆಂ.ಮೀ.ಗೆ ಒಂದು. ಒಳಗೆ ಲ್ಯಾಮಿನೇಟ್ ಇದ್ದರೆ ಅಂಟು ಹಾಕೋ ಜಾಗ ಕೆರೆದು ತೆಗೆಯಿರಿ.

ಆಮೇಲೆ ಎಡ-ಬಲ ಪಟ್ಟಿಗಳ ನಡುವೆ 35×35 ಎಂಎಂ ಗಟ್ಟಿಮರದ ಮೂರು ಅಡ್ಡಕಡ್ಡಿ, ತಲಾ 30 ಸೆಂ.ಮೀ.: ಡ್ರೈವರಿನ ಮ್ಯಾಗ್ನೆಟ್‌ಗಿಂತ ಮೇಲೊಂದು, ಕೆಳಗೆರಡು. ಒಳಗಿನ ಒತ್ತಡಕ್ಕೆ ಎರಡು ಪಕ್ಕವೂ ಒಟ್ಟಿಗೇ ಹೊರಗುಬ್ಬುತ್ತವೆ, ಒಟ್ಟಿಗೇ ಒಳಗೆ ಬರುತ್ತವೆ. ಕಡ್ಡಿ ಅವನ್ನು ಒಂದಕ್ಕೊಂದು ಕಟ್ಟಿಹಾಕುತ್ತೆ. ಸುತ್ತಿಗೆಯಲ್ಲಿ ಬಡಿದು ಬಿಗಿ ಕೂರಿಸಬೇಡಿ, ಮೂಲೆಯ ಅಂಟು ಬಿಡುತ್ತೆ. ಅರ್ಧ ಎಂಎಂ ಸಂದಿಯಿಟ್ಟು ಅರಾಲ್ಡೈಟ್ (ಎಪಾಕ್ಸಿ ಅಂಟು) ತುಂಬಿ ಒಂದು ದಿನ ಬಿಡಿ. ಫೆವಿಕಾಲ್ ಸಂದಿ ತುಂಬಲ್ಲ. ಒಣಗಿದಾಗ ಕುಗ್ಗುತ್ತೆ, ಆಮೇಲೆ ಆ ಕಡ್ಡಿಯೇ ಗಿರಗಿರ ಅನ್ನುತ್ತೆ.

ಬಾಸ್_ಬಸವನಗುಡಿ:
ಇಷ್ಟು ಮರ ಒಳಗೆ ಹೋದರೆ ಟ್ಯೂನಿಂಗ್ ಕೆಡಲ್ವಾ?

ಉಳಿ_ಸುತ್ತಿಗೆ:
ಪಟ್ಟಿಗಳು 2.8 ಲೀಟರ್, ಕಡ್ಡಿಗಳು 1.1. 152ರಲ್ಲಿ ನಾಲ್ಕು ಹೋದರೆ 24 ಇದ್ದದ್ದು 24.3 ಆಗುತ್ತೆ, ಅಷ್ಟೇ. ಪೋರ್ಟಿನ ಒಳಬಾಯಿ ಎದುರು ಮಾತ್ರ ಅದರ ವ್ಯಾಸದಷ್ಟು ಜಾಗ ಖಾಲಿ ಇರಲಿ.

ಊದುಬತ್ತಿ_ಟೆಸ್ಟ್:
ಬ್ರೇಸ್ ಆದಮೇಲೂ ಸದ್ದು ಉಳಿದರೆ ಆಗ ಶೀಟ್. ಬ್ಯುಟೈಲ್ (ಮೆತ್ತನೆ ಅಂಟು ರಬ್ಬರ್) ಮೇಲೆ ಅಲ್ಯೂಮಿನಿಯಂ ಹಾಳೆ ಇರೋದು ತಗೊಳ್ಳಿ, ಬ್ರೇಸಿನ ನಡುವೆ ಉಳಿದ ಪಾಲುಗಳ ಮಧ್ಯಕ್ಕೆ ಹಚ್ಚಿ ರೋಲರ್‌ನಲ್ಲಿ ಒತ್ತಿ. ಪೂರ್ತಿ ಮುಚ್ಚೋದು ದುಡ್ಡು ದಂಡ. ಶೀಟ್ ಹಲಗೆಯನ್ನು ಬಿಗಿ ಮಾಡಲ್ಲ, ಕಂಪನವನ್ನು ಶಾಖವಾಗಿಸಿ ಬೇಗ ಸಾಯಿಸುತ್ತೆ. ಇನ್ನು ಹತ್ತಿ, ಪಾಲಿಫಿಲ್ (ದಿಂಬಿನ ಪಾಲಿಯೆಸ್ಟರ್ ನಾರು) ತುಂಬೋದರಿಂದ ಹಲಗೆಯ ನಡುಕಕ್ಕೆ ಏನೂ ಆಗಲ್ಲ.

ಆದರೆ ಮೊದಲು ಗಾಳಿ ಸೋರಿಕೆ ನೋಡಿ. ಫೋನಿನ ಟೋನ್ ಜನರೇಟರ್‌ನಲ್ಲಿ 30 ಹರ್ಟ್ಸ್, ವಾಲ್ಯೂಮ್ ಕಮ್ಮಿ, ಪೋರ್ಟಿಗೆ ಬಟ್ಟೆ ತುರುಕಿ. ಟರ್ಮಿನಲ್ ಕಪ್ (ಹೊರಗಿನ ವೈರ್ ಸಿಕ್ಕಿಸೋ ಜಾಗ), ಡ್ರೈವರ್ ಅಂಚು, ಮೂಲೆಗಳ ಹತ್ತಿರ ಊದುಬತ್ತಿ ಹಿಡಿದರೆ ಹೊಗೆ ಎಲ್ಲಿ ಅದುರುತ್ತೋ ಅಲ್ಲೇ ಸೋರುತ್ತಿದೆ. ನಂತರ ಬಟ್ಟೆ ತೆಗೆದು 30ರಿಂದ 200ರವರೆಗೆ ನಿಧಾನ ಏರಿಸುತ್ತ ಹಲಗೆಗೆ ಬೆರಳು ಇಟ್ಟು ನೋಡಿ. ಒಳಗಿನ ವೈರ್ ಹಲಗೆಗೆ ಬಡಿಯೋದನ್ನೂ ಎಷ್ಟೋ ಜನ ಬ್ರೇಸ್ ಸಮಸ್ಯೆ ಅಂದುಕೊಳ್ತಾರೆ.

ಸ್ಲ್ಯಾಬ್_ಕೆಳಗೆ:
ಕೆಳಮನೆಯ ವಿಷಯ ಬೇರೆ. ಡ್ರೈವರಿನ ಕೋನ್ (ಹಿಂದೆಮುಂದೆ ಆಡೋ ಭಾಗ) ಮುಂದೆ ಹೋದಾಗ ಇಡೀ ಬಾಕ್ಸ್ ಹಿಂದಕ್ಕೆ ತಳ್ಳಲ್ಪಡುತ್ತೆ, ಎಷ್ಟೇ ಬ್ರೇಸ್ ಹಾಕಿದರೂ ಅದು ನಿಲ್ಲಲ್ಲ. ಗಟ್ಟಿ ರಬ್ಬರ್ ಕಾಲು ಭಾರಕ್ಕೆ ಅರ್ಧ ಎಂಎಂ ಅಷ್ಟೇ ತಗ್ಗಿದರೆ ಅದರ ಮೇಲೆ ಬಾಕ್ಸ್ ಕುಣಿಯೋದು 22 ಹರ್ಟ್ಸ್‌ನಲ್ಲಿ, ಅಂದರೆ ನಿಮ್ಮ ಟ್ಯೂನಿಂಗ್ ಪಕ್ಕದಲ್ಲೇ. ಆಗ ನಡುಕ ಜಾಸ್ತಿಯೇ ಆಗುತ್ತೆ. ಬಾಕ್ಸ್ ಸುಮಾರು 35 ಕೆ.ಜಿ. ಇರಬಹುದು, ಒಂದೊಂದು ಕಾಲಿಗೆ 9. ಆ ಭಾರಕ್ಕೆ 4 ಎಂಎಂ ತಗ್ಗುವಷ್ಟು ಮೆತ್ತನೆಯ ಕಾಲು ಹಾಕಿದರೆ ಅದು 8 ಹರ್ಟ್ಸ್‌ಗೆ ಇಳಿಯುತ್ತೆ. ಬಾಕ್ಸ್ ಇಡುವ ಮೊದಲು, ಇಟ್ಟ ಮೇಲೆ ಕಾಲಿನ ಎತ್ತರ ಸ್ಕೇಲ್‌ನಲ್ಲಿ ಅಳೆಯಿರಿ. ಗಾಳಿಯ ಮೂಲಕ ಸ್ಲ್ಯಾಬಿಗೆ ಹೋಗೋ ಸದ್ದನ್ನು ಕಾಲು ತಡೆಯಲ್ಲ. ಅದಕ್ಕೆ ರಾತ್ರಿ ಹೊತ್ತು ವಾಲ್ಯೂಮ್ ಇಳಿಸಲೇಬೇಕು.