ಸ್ಟೆಂಟ್ ಆದಮೇಲೆ ಅಪ್ಪನ ಕಾಲು ಸೊರಗಿದೆ, ಅನುಭವ ಇದ್ದವರು ಹೇಳಿ

ಅಪ್ಪನಿಗೆ 68. ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ತೂಕ ಇಳಿದಿದೆ. ನೆಂಟರೆಲ್ಲ ‘ಸಣ್ಣಗಾಗಿದ್ದು ಹಾರ್ಟಿಗೆ ಒಳ್ಳೇದೇ’ ಅನ್ನುತ್ತಾರೆ. ಆದರೆ ಹೊಟ್ಟೆ ಹಾಗೇ ಇದೆ, ತೊಡೆ ಮಾತ್ರ ಕರಗಿದೆ. ನೆಲಕ್ಕೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. ಹೃದಯಕ್ಕೂ ಮಾಂಸಖಂಡಕ್ಕೂ ಸಂಬಂಧ ಇದೆಯಾ? ಏನು ಮಾಡಿದರೆ ಸರಿಹೋಗುತ್ತದೆ?

ಧಾರವಾಡದಿಂದ, ಫಿಸಿಯೋಥೆರಪಿಸ್ಟ್:
ಇದೆ, ಎರಡೂ ಕಡೆಯಿಂದ. ಊಟ ಆದಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗುವುದು ಮಾಂಸಖಂಡಕ್ಕೆ. ಅದೇ ಕರಗಿದರೆ ಶುಗರ್ ಹತೋಟಿ ತಪ್ಪುತ್ತದೆ, ಆ ಹೊರೆ ಹೃದಯಕ್ಕೆ ಬೀಳುತ್ತದೆ. ಇತ್ತ ಹಾರ್ಟ್ ತೊಂದರೆ ಆದವರು ಹೆದರಿ ಓಡಾಟ ಬಿಡುತ್ತಾರೆ, ಊಟ ಕಡಿಮೆ ಮಾಡುತ್ತಾರೆ. ಖಂಡ ಮತ್ತಷ್ಟು ಕರಗುತ್ತದೆ.

2015ರಲ್ಲಿ ಪ್ರಕಟವಾದ ‘ಪ್ಯೂರ್’ ಅಧ್ಯಯನದಲ್ಲಿ ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಕೈಹಿಡಿತ ಅಳೆದಿದ್ದರು. ಹಿಡಿತ 5 ಕೆ.ಜಿ. ಕಡಿಮೆ ಇದ್ದಷ್ಟೂ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಜಾಸ್ತಿ ಕಂಡಿತ್ತು. ಹಾಗಂತ ಸುಮ್ನೆ ಬಾಲ್ ಹಿಸುಕುತ್ತಾ ಕೂತರೆ ಹಾರ್ಟ್ ಗಟ್ಟಿಯಾಗಲ್ಲ! ಹಿಡಿತ ಇಡೀ ಮೈಯ ಬಲಕ್ಕೆ ಒಂದು ಗುರುತು, ಅಷ್ಟೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕುರ್ಚಿಯನ್ನು ಗೋಡೆಗೆ ಒತ್ತಿಸಿಟ್ಟು ನೀವು ಪಕ್ಕದಲ್ಲೇ ನಿಲ್ಲಿ. ಅವರು ಕೈಗಳನ್ನು ಎದೆ ಮೇಲೆ ಕಟ್ಟಿಕೊಂಡು 5 ಸಲ ಎದ್ದು ಕೂರಲಿ. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಡಾಕ್ಟರಿಗೆ ಹೇಳಲೇಬೇಕು. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಅಳತೆ ಇದು. ಅದರ ಪ್ರಕಾರ ಗಂಡಸರ ಮೀನಖಂಡದ ಸುತ್ತಳತೆ 34 ಸೆಂ.ಮೀ.ಗಿಂತ ಕಡಿಮೆ ಇದ್ದರೂ ಅನುಮಾನ ಪಡಬೇಕು.

ಶಿರಸಿಯಿಂದ:
ಟೇಪ್ ಹಿಡಿಯುವ ಮೊದಲು ಕಾಲು ಊದಿದೆಯಾ ನೋಡಿ. ನಮ್ಮ ಅಮ್ಮನಿಗೆ ಹಾರ್ಟ್ ಫೇಲ್ಯೂರ್. ನೀರು ತುಂಬಿಕೊಂಡು ತೂಕ ಇದ್ದಷ್ಟೇ ತೋರಿಸುತ್ತಿತ್ತು. ಬಳೆ ಮೊಣಕೈವರೆಗೆ ಜಾರತೊಡಗಿದಾಗಲೇ ತೋಳು ಸೊರಗಿದ್ದು ಗೊತ್ತಾಯಿತು.

ಊಟದಲ್ಲೇ ದೊಡ್ಡ ಬದಲಾವಣೆ ಮಾಡಿದೆವು. ಗಂಜಿ, ತಿಳಿಸಾರು ಅಂತ ಬರೀ ನೀರು ಕುಡಿಸಿದರೆ ಖಂಡ ಎಲ್ಲಿಂದ ಬರಬೇಕು ಹೇಳಿ? ಐಸಿಎಂಆರ್ ಹೇಳುವಂತೆ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕೆ.ಜಿ.ಯವರಿಗೆ ಸುಮಾರು 50 ಗ್ರಾಂ. ರಾಗಿ ಒಳ್ಳೆಯದೇ, ಆದರೆ 100 ಗ್ರಾಂ ಹಿಟ್ಟಿನಲ್ಲಿ ಇರುವುದು 7 ಗ್ರಾಂ ಆಸುಪಾಸು. ಹುರುಳಿಯಲ್ಲಿ 20ಕ್ಕೂ ಮೇಲೆ. ಮೊಳಕೆ ಹುರುಳಿ ಉಸಲಿ, ಗಟ್ಟಿ ಬೇಳೆ, ಮೊಸರು ಮೂರು ಹೊತ್ತಿಗೂ ಹಂಚಿಕೊಟ್ಟೆವು. ಉಪ್ಪು ಕಮ್ಮಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಕೇಳದೆ ಪ್ರೋಟೀನ್ ಏರಿಸಬೇಡಿ.

ತುಮಕೂರಿನಿಂದ:
ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತಾರಾ? ಸ್ಟ್ಯಾಟಿನ್ ಅನ್ನುವ ಆ ಮಾತ್ರೆಗಳಿಂದ ಕೆಲವರಿಗೆ ಖಂಡ ನೋಯುತ್ತದೆ. ನೀವೇ ನಿಲ್ಲಿಸಬೇಡಿ, ಸ್ಟೆಂಟ್ ಇದ್ದವರಿಗೆ ಅದು ಅಪಾಯ. ಡಾಕ್ಟರಿಗೆ ಹೇಳಿದರೆ ಸಿಕೆ (ಖಂಡಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ), ಥೈರಾಯ್ಡ್ ನೋಡಿ ಮಾತ್ರೆಯನ್ನೋ ಡೋಸನ್ನೋ ಬದಲಿಸುತ್ತಾರೆ. ನನಗೆ ಹಾಗೇ ಮಾಡಿದರು.

ಮೈಸೂರಿನಿಂದ:
ನಾನೇ ಬೈಪಾಸ್ ಆದವನು. ಬರೀ ವಾಕಿಂಗ್‌ನಿಂದ ತೊಡೆಗೆ ಬಲ ಬರಲಿಲ್ಲ. ಕಾರ್ಡಿಯಾಲಜಿಸ್ಟ್ ಹೂಂ ಅಂದಮೇಲೆ ರಿಹ್ಯಾಬ್‌ನಲ್ಲಿ (ಹಾರ್ಟ್ ತೊಂದರೆ ಆದವರಿಗೆ ವ್ಯಾಯಾಮ ಕಲಿಸುವ ಕಡೆ) ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಅರ್ಧ ಲೀಟರ್ ನೀರಿನ ಬಾಟಲಿ ಎತ್ತುವುದು ಕಲಿಸಿದರು. ಒಂದು ದಿನ ಬಿಟ್ಟು ಒಂದು ದಿನ. ಒಂದು ವಿಷಯ ಗಮನಿಸಿ: ಏಳುವಾಗ ಉಸಿರು ಬಿಡಬೇಕು. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಥಟ್ಟನೆ ಏರುತ್ತದೆ. ಅದಕ್ಕೇ ನಮ್ಮಲ್ಲಿ ಜೋರಾಗಿ ಎಣಿಸುತ್ತಾ ಮಾಡಿಸುತ್ತಿದ್ದರು. ಬಾಯಲ್ಲಿ ಲೆಕ್ಕ ಹೇಳುವವರು ಉಸಿರು ಕಟ್ಟೋಕಾಗಲ್ಲ, ಅಲ್ವಾ? ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.